ಮಾರಾಟ ಶುಲ್ಕ ಏರುತ್ತಿರುವಾಗ ಆನ್‌ಲೈನ್ ಹರಾಜಿಗೆ ಯಾವ ತಾಣ ಆರಿಸಿಕೊಳ್ಳಬೇಕು?

ಆನ್‌ಲೈನ್ ಹರಾಜು ತಾಣಗಳಲ್ಲಿ ವಸ್ತು ಮಾರುವವರ ನಡುವೆ ಇಂದು ಹೆಚ್ಚು ಕೇಳಿಬರುವ ಪ್ರಶ್ನೆ ಇದು: ಇರುವಲ್ಲೇ ಇರಬೇಕೋ, ಬೇರೆ ಕಡೆಗೆ ಹೋಗಬೇಕೋ? ಕಮಿಷನ್ ಒಂದೇ ಸಲಕ್ಕೆ ದುಪ್ಪಟ್ಟಾಗಿದ್ದರೆ ಎಲ್ಲರೂ ಎದ್ದು ಹೋಗುತ್ತಿದ್ದರು. ಅದು ಏರುವುದು ಶೇಕಡಾ ಕಾಲು, ಶೇಕಡಾ ಅರ್ಧದ ಲೆಕ್ಕದಲ್ಲಿ. ಹಾಗಾಗಿ ತಿಂಗಳ ಕೊನೆಯಲ್ಲಿ ಕೈಗೆ ಬಂದ ಹಣ ಎಣಿಸಿದಾಗಲೇ ಕೊರತೆ ಕಣ್ಣಿಗೆ ಬೀಳುತ್ತದೆ. ಆಗ ಹೆಚ್ಚಿನವರು ಮಾಡುವುದೆಂದರೆ, ಎರಡು ಮೂರು ತಾಣಗಳ ಶುಲ್ಕದ ಪುಟಗಳನ್ನು ತೆರೆದು ಯಾವುದರ ಶೇಕಡಾ ದರ ಕಡಿಮೆಯೋ ಅಲ್ಲಿಗೆ ಹೊರಡುವುದು.

ಹೋಲಿಕೆಯನ್ನು ಅಲ್ಲಿಂದ ಶುರು ಮಾಡಿದರೆ ತಪ್ಪು ಉತ್ತರ ಸಿಗುವ ಸಂಭವವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಹರಾಜಿನಲ್ಲಿ ಬೆಲೆ ಗೊತ್ತು ಮಾಡುವವನು ಗೆದ್ದವನಲ್ಲ. ಕೊನೆಯವರೆಗೂ ಪೈಪೋಟಿ ಕೊಟ್ಟು ಸೋತ ಎರಡನೆಯವನು. ತಾಣಕ್ಕೆ ನಾವು ಕೊಡುವ ಕಮಿಷನ್ ಆ ಎರಡನೆಯವನನ್ನು ಕರೆತಂದದ್ದಕ್ಕೆ ಕೊಡುವ ಕೂಲಿ. ಅವನು ಬರುತ್ತಾನೆಯೇ, ಬಂದರೆ ಬೆಲೆಯನ್ನು ಎಷ್ಟಕ್ಕೆ ಏರಿಸುತ್ತಾನೆ ಎಂಬುದನ್ನು ನೋಡದೆ ಕೂಲಿ ಹೆಚ್ಚೋ ಕಡಿಮೆಯೋ ಎಂದು ಹೇಳಲಾಗುವುದಿಲ್ಲ.

ಒಂದು ಹಳೆಯ ಕ್ಯಾಮೆರಾ ಹರಾಜಿಗಿದೆ ಎಂದುಕೊಳ್ಳಿ. ಒಬ್ಬರು ಅದಕ್ಕೆ 100 ಡಾಲರ್‌ವರೆಗೂ ಕೊಡಲು ಸಿದ್ಧ, ಇನ್ನೊಬ್ಬರು 60ರವರೆಗೆ. ಇಬೇಯಂಥ ತಾಣಗಳಲ್ಲಿ ಬಿಡ್ ಮಾಡುವವರು ತಮ್ಮ ಗರಿಷ್ಠ ಮೊತ್ತವನ್ನು ಮೊದಲೇ ತುಂಬಿಡುತ್ತಾರೆ. ಎದುರಾಳಿಯ ಮೊತ್ತಕ್ಕಿಂತ ಒಂದು ಹಂತ ಮೇಲಕ್ಕೆ ಮಾತ್ರ ತಾಣವೇ ಬಿಡ್ ಏರಿಸುತ್ತ ಹೋಗುತ್ತದೆ. ಇಬ್ಬರೂ ಬಂದರೆ ಕ್ಯಾಮೆರಾ 61 ಡಾಲರ್ ಆಸುಪಾಸಿನಲ್ಲಿ ಮಾರಾಟವಾಗುತ್ತದೆ. ಶುಲ್ಕವೇ ಇಲ್ಲದ ಇನ್ನೊಂದು ತಾಣದಲ್ಲಿ ಅದನ್ನೇ 10 ಡಾಲರ್‌ನಿಂದ ಹರಾಜಿಗಿಟ್ಟು, ನೂರು ಕೊಡಬಲ್ಲವರು ಒಬ್ಬರೇ ಬಂದರು ಎಂದುಕೊಳ್ಳಿ. ಕ್ಯಾಮೆರಾ ಹತ್ತಕ್ಕೇ ಹೋಗುತ್ತದೆ. ಮೊದಲಿನ ತಾಣ 61ರಲ್ಲಿ ಕಾಲು ಭಾಗವನ್ನೇ ಕಿತ್ತುಕೊಂಡರೂ ಮಾರಿದವರ ಕೈಯಲ್ಲಿ 45 ಡಾಲರ್‌ಗಿಂತ ಹೆಚ್ಚು ಉಳಿಯುತ್ತದೆ. ಗೆದ್ದವನು ಎರಡನೆಯವನ ಬೆಲೆ ಕೊಡುವ ಈ ಬಗೆಯ ಹರಾಜನ್ನು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ವಿಶ್ಲೇಷಿಸಿದ್ದರು. 1996ರಲ್ಲಿ ಅವರಿಗೆ ನೊಬೆಲ್ ಬಂತು. ಸಣ್ಣ ಮಾರಾಟಗಾರರಿಗೆ ಇಷ್ಟು ನೇರವಾಗಿ ಉಪಯೋಗಕ್ಕೆ ಬರುವ ಆರ್ಥಿಕ ಸಿದ್ಧಾಂತಗಳು ಹೆಚ್ಚಿಲ್ಲ.

ಶುಲ್ಕ ಏರುವ ದಾರಿಗಳು

ಹಾಗೆಂದು ಏರಿಕೆಯನ್ನು ಸಹಿಸಿಕೊಂಡು ಕೂರಬೇಕೆಂದು ನಾನು ಹೇಳುತ್ತಿಲ್ಲ. ಅದು ಹೇಗೆ ಏರುತ್ತದೆ ಎಂಬುದು ಗೊತ್ತಿರಬೇಕು. ಏಕೆಂದರೆ ಶೇಕಡಾ ದರ ಒಂದನ್ನೇ ನೋಡುವವರಿಗೆ ಅರ್ಧ ಏರಿಕೆ ಕಾಣುವುದೇ ಇಲ್ಲ.

ಪಿಯರ್ ಒಮಿಡ್ಯಾರ್ 1995ರಲ್ಲಿ ಆಕ್ಷನ್‌ವೆಬ್ ಎಂಬ ಹೆಸರಿನಲ್ಲಿ ಇಬೇಯನ್ನು ಆರಂಭಿಸಿದಾಗ ಶುಲ್ಕವೇ ಇರಲಿಲ್ಲ. ಆರಂಭದ ದಿನಗಳಲ್ಲಿ ಮಾರಾಟವಾದ ವಸ್ತು ಒಂದು ಕೆಟ್ಟುಹೋದ ಲೇಸರ್ ಪಾಯಿಂಟರ್, ಬೆಲೆ 14.83 ಡಾಲರ್. ಜನ ಹೆಚ್ಚಾಗಿ ಅಂತರ್ಜಾಲ ಸಂಪರ್ಕದ ಬಿಲ್ ಏರಿದ ಮೇಲೆ ಶುಲ್ಕ ಬಂತು. 2008ರ ಆರಂಭದಲ್ಲಿ ವಸ್ತುವನ್ನು ಪಟ್ಟಿಗೆ ಸೇರಿಸುವ ಶುಲ್ಕವನ್ನು ಇಬೇ ಇಳಿಸಿತು. ಆದರೆ ಮಾರಾಟವಾದ ಮೇಲೆ ಮೊದಲ 25 ಡಾಲರ್‌ಗಳ ಮೇಲೆ ಕೊಡಬೇಕಿದ್ದ ಶೇ 5.25ರ ಕಮಿಷನ್ ಶೇ 8.75 ಆಯಿತು. ಇದನ್ನು ಶುಲ್ಕ ಇಳಿಕೆ ಎಂದೇ ಪರಿಚಯಿಸಲಾಯಿತು. ಮಾರಾಟಗಾರರು ಲೆಕ್ಕ ಹಾಕಿ ನೋಡಿ, ಆ ಫೆಬ್ರುವರಿಯಲ್ಲಿ ಬಹಿಷ್ಕಾರಕ್ಕೆ ಕರೆ ಕೊಟ್ಟರು. ಒಂದು ಕಡೆ ಇಳಿಸಿ ಇನ್ನೊಂದು ಕಡೆ ಏರಿಸುವ ಈ ಪದ್ಧತಿ ಅಲ್ಲಿಂದಾಚೆಗೂ ನಡೆದುಕೊಂಡು ಬಂದಿದೆ.

ಎರಡನೆಯ ದಾರಿ ಇನ್ನೂ ಸೂಕ್ಷ್ಮ: ದರವನ್ನು ಹಾಗೆಯೇ ಬಿಟ್ಟು, ಅದು ಅನ್ವಯವಾಗುವ ಮೊತ್ತವನ್ನು ಹಿಗ್ಗಿಸುವುದು. 2011ರಿಂದ ಇಬೇ ಸಾಗಣೆ ವೆಚ್ಚದ ಮೇಲೂ ಕಮಿಷನ್ ಹಾಕುತ್ತಿದೆ. ಇದಕ್ಕೆ ಕಾರಣವೂ ಇತ್ತು. ವಸ್ತುವಿಗೆ ಒಂದು ಸೆಂಟ್, ಸಾಗಣೆಗೆ ಇಪ್ಪತ್ತು ಡಾಲರ್ ಎಂದು ಬರೆದು ಕಮಿಷನ್ ತಪ್ಪಿಸುವವರಿದ್ದರು. ಕೆಲವರ ಆ ಉಪಾಯದ ದಂಡವನ್ನು ಪ್ರಾಮಾಣಿಕವಾಗಿ ಅಂಚೆ ವೆಚ್ಚವನ್ನಷ್ಟೇ ಕೇಳುತ್ತಿದ್ದ ಎಲ್ಲರೂ ತೆತ್ತರು. ಇಂದು ಅಮೆರಿಕದಲ್ಲಿ ಖರೀದಿದಾರರು ಕಟ್ಟುವ ಮಾರಾಟ ತೆರಿಗೆಯೂ ಸೇರಿದ ಒಟ್ಟು ಮೊತ್ತದ ಮೇಲೆ ಕಮಿಷನ್ ಲೆಕ್ಕವಾಗುತ್ತದೆ. ಮಾರಿದವರ ಕೈಗೆ ಎಂದೂ ಬಾರದ ಹಣದ ಮೇಲೆ ಮಾರಿದವರೇ ಶುಲ್ಕ ಕೊಡುತ್ತಾರೆ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ಕರಕುಶಲ ವಸ್ತುಗಳ ಮಾರಾಟ ತಾಣವಾದ ಎಟ್ಸಿಯೂ 2018ರಲ್ಲಿ ಕಮಿಷನ್ನನ್ನು ಶೇ 3.5ರಿಂದ 5ಕ್ಕೆ ಏರಿಸಿದಾಗ ಸಾಗಣೆ ವೆಚ್ಚವನ್ನೂ ಸೇರಿಸಿಕೊಂಡಿತು. 2022ರ ಏಪ್ರಿಲ್‌ನಲ್ಲಿ ಅದು ಶೇ 6.5 ಆದಾಗ ಸಾವಿರಾರು ಮಾರಾಟಗಾರರು ಒಂದು ವಾರ ಅಂಗಡಿ ಮುಚ್ಚಿ ಪ್ರತಿಭಟಿಸಿದರು. ದರ ಇಳಿಯಲಿಲ್ಲ.

ಮೂರನೆಯದು ಪ್ರತಿ ಆರ್ಡರ್ ಮೇಲಿನ ಸ್ಥಿರ ಶುಲ್ಕ. 2024ರಲ್ಲಿ ಇಬೇ 10 ಡಾಲರ್ ಮೀರಿದ ಆರ್ಡರ್‌ಗಳಿಗೆ ಇದನ್ನು 30 ಸೆಂಟ್‌ನಿಂದ 40ಕ್ಕೆ ಏರಿಸಿತು. ದುಬಾರಿ ವಸ್ತು ಮಾರುವವರಿಗೆ ಅದು ಲೆಕ್ಕಕ್ಕೇ ಬಾರದ ಮೊತ್ತ. ಅಂಚೆಚೀಟಿ, ಹಳೆಯ ಪತ್ರಿಕೆ, ಬಟ್ಟೆಯ ಗುಂಡಿಗಳಂಥ ಸಣ್ಣ ವಸ್ತು ಮಾರುವವರಿಗೆ ಅದೇ ದೊಡ್ಡ ಹೊರೆ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಇಬೇಯಲ್ಲಿ ಹೆಚ್ಚಿನ ವಿಭಾಗಗಳ ದರ 2023ರಲ್ಲಿ ಶೇ 13.25 ಇತ್ತು, 2025ರ ಫೆಬ್ರುವರಿಯಲ್ಲಿ ಶೇ 13.6 ಆಯಿತು. ಹಿಂದಿನ ಶೇ 10ರ ಕಾಲದೊಂದಿಗೆ ಇದನ್ನು ನೇರವಾಗಿ ಹೋಲಿಸುವುದು ಸರಿಯಲ್ಲ. ಆಗ ಪಾವತಿ ಶುಲ್ಕವನ್ನು ಪೇಪಾಲ್ ಎಂಬ ಹಣ ಪಾವತಿ ಸೇವೆಗೆ ಬೇರೆಯಾಗಿ, ಸುಮಾರು ಶೇ 2.9 ಮತ್ತು 30 ಸೆಂಟ್, ಕೊಡಬೇಕಿತ್ತು. ಈಗ ಅದು ಕಮಿಷನ್ನಿನ ಒಳಗೇ ಸೇರಿದೆ. ಹೋಲಿಸುವಾಗ ಪಾವತಿ ಶುಲ್ಕ ಒಳಗಿದೆಯೋ ಹೊರಗಿದೆಯೋ ಎಂದು ಮೊದಲು ನೋಡಬೇಕು. ಇದೊಂದನ್ನು ಮರೆತರೆ ಉಳಿದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಒಂದೇ ದರ, ಮೂರು ಬೆಲೆಗಳಲ್ಲಿ

ಅಮೆರಿಕದ 2025ರ ದರ ಹಿಡಿದು ತೆರಿಗೆಯನ್ನು ಬದಿಗಿಟ್ಟು ಲೆಕ್ಕ ಹಾಕೋಣ. ವಸ್ತು 20 ಡಾಲರ್‌ಗೆ ಮಾರಾಟವಾಯಿತು, ಸಾಗಣೆಗೆ ಖರೀದಿದಾರ 5 ಡಾಲರ್ ಕೊಟ್ಟ. ಇಬೇಯಲ್ಲಿ 25 ಡಾಲರ್ ಮೇಲೆ ಶೇ 13.6 ಎಂದರೆ 3.40, ಜೊತೆಗೆ 40 ಸೆಂಟ್, ಒಟ್ಟು 3.80. ವಸ್ತುವಿನ ಬೆಲೆಗೆ ಹೋಲಿಸಿದರೆ ಶೇ 19. ಅದೇ ವಸ್ತು 8 ಡಾಲರ್‌ಗೆ ಹೋದರೆ ಶುಲ್ಕ 2.17 ಡಾಲರ್, ಎಂದರೆ ಬೆಲೆಯ ಶೇ 27. ವಸ್ತು 500 ಡಾಲರ್‌ದಾಗಿ ಸಾಗಣೆ 15 ಆದರೆ ಶುಲ್ಕ 70.44, ಸುಮಾರು ಶೇ 14. ಶುಲ್ಕದ ಪುಟದಲ್ಲಿ ಕಾಣುವುದು 13.6 ಎಂಬ ಒಂದೇ ಅಂಕಿ. ಮಾರುವವರ ಅನುಭವಕ್ಕೆ ಬರುವುದು 14ರಿಂದ 27ರವರೆಗೆ ಏನಾದರೂ ಆಗಬಹುದು.

ಹಾಗಾಗಿ ಎರಡು ತಾಣಗಳನ್ನು ಹೋಲಿಸುವ ಮುನ್ನ ನಿಮ್ಮ ಸರಾಸರಿ ಮಾರಾಟದ ಬೆಲೆ ಮತ್ತು ಸರಾಸರಿ ಸಾಗಣೆ ವೆಚ್ಚ ಎರಡನ್ನೂ ಬರೆದಿಟ್ಟುಕೊಳ್ಳಿ. ಹತ್ತು ಡಾಲರ್ ಕೆಳಗಿನ ವಸ್ತುಗಳನ್ನು ಬಿಡಿಬಿಡಿಯಾಗಿ ಮಾರುತ್ತಿದ್ದರೆ, ತಾಣ ಬದಲಿಸುವುದಕ್ಕಿಂತ ಐದಾರನ್ನು ಒಂದು ಕಟ್ಟು ಮಾಡಿ ಹರಾಜಿಗಿಡುವುದರಿಂದ ಹೆಚ್ಚು ಉಳಿಯುತ್ತದೆ. ಸ್ಥಿರ ಶುಲ್ಕ ಒಂದೇ ಸಲ ಬೀಳುತ್ತದೆ, ಸಾಗಣೆಯೂ ಒಂದೇ ಸಲ.

ಮಾರಾಟವಾಗದೆ ಉಳಿದ ವಸ್ತುವಿನ ಖರ್ಚೂ ಇದೆ. ತಾಣದಲ್ಲಿ ಚಂದಾ ಕಟ್ಟಿ ಅಂಗಡಿ ತೆರೆಯದವರಿಗೆ ಇಬೇ ತಿಂಗಳಿಗೆ 250 ಲಿಸ್ಟಿಂಗ್‌ಗಳನ್ನು, ಎಂದರೆ ವಸ್ತುವನ್ನು ಪಟ್ಟಿಗೆ ಸೇರಿಸುವುದನ್ನು, ಉಚಿತವಾಗಿ ಕೊಡುತ್ತದೆ. ಅದು ಮುಗಿದ ಮೇಲೆ ಸಾಮಾನ್ಯವಾಗಿ ಒಂದಕ್ಕೆ 35 ಸೆಂಟ್. ಮೀಸಲು ಬೆಲೆ (ಇದಕ್ಕಿಂತ ಕಡಿಮೆಗೆ ಮಾರುವುದಿಲ್ಲ ಎಂಬ ಗುಟ್ಟಿನ ಬೆಲೆ) ಇಟ್ಟರೆ, ದಪ್ಪ ಅಕ್ಷರದ ಶೀರ್ಷಿಕೆ ಕೇಳಿದರೆ, ವಸ್ತು ಹೋಗಲಿ ಬಿಡಲಿ ಹಣ ಕೊಡಲೇಬೇಕು. ಮೀಸಲು ಬೆಲೆಗಿಂತ ಆರಂಭದ ಬೆಲೆಯನ್ನೇ ನಿಮಗೆ ನಷ್ಟವಾಗದ ಮಟ್ಟದಲ್ಲಿ ಇಡುವುದು ಅಗ್ಗ. ಬಿಡ್ ಮಾಡುವವರಿಗೂ ಅದು ಸ್ಪಷ್ಟ.

ಆಯ್ಕೆಗಳು

ದೊಡ್ಡ ಸಾಮಾನ್ಯ ಹರಾಜು ತಾಣ, ಎಂದರೆ ಇಬೇಯ ಬಗೆಯದು, ಶುಲ್ಕದಲ್ಲಿ ದುಬಾರಿ. ಆದರೆ ಅಪರೂಪದ, ಬೆಲೆ ಇಷ್ಟೇ ಎಂದು ಹೇಳಲಾಗದ ವಸ್ತುವಿಗೆ ಅದಕ್ಕೆ ಸಮನಾದ ಜಾಗ ಸಿಗುವುದು ಕಷ್ಟ. ನಿಂತುಹೋದ ಕಂಪನಿಯ ಕೈಗಡಿಯಾರದ ಬಿಡಿಭಾಗ ಬೇಕಾದವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಇರಬಹುದು. ಅವರಲ್ಲಿ ಇಬ್ಬರು ಒಂದೇ ವಾರದಲ್ಲಿ ಒಂದೇ ಪುಟಕ್ಕೆ ಬರಬೇಕಾದರೆ ಆ ತಾಣ ಬಹಳ ದೊಡ್ಡದಿರಬೇಕು. ಅಂಥ ವಸ್ತುವಿಗೆ ಶೇ 19 ಕೊಟ್ಟರೂ ನಷ್ಟವಿಲ್ಲ. ಇತ್ತೀಚಿನ ಮೊಬೈಲ್, ಸೀಲ್ ತೆಗೆಯದ ಆಟಿಕೆ, ಎಲ್ಲೆಡೆ ಸಿಗುವ ಉಪಕರಣ ಇವುಗಳ ಕತೆ ಬೇರೆ. ಇವುಗಳ ಬೆಲೆ ಎಲ್ಲರಿಗೂ ಗೊತ್ತು, ಎರಡನೆಯವನು ಬಂದು ಏರಿಸಬೇಕಾದದ್ದು ಏನೂ ಇಲ್ಲ. ಇವನ್ನು ಹರಾಜಿಗೆ ಇಡುವುದೇ ಬೇಡ. ನಿಗದಿತ ಬೆಲೆಗೆ, ಎಲ್ಲಿ ಶುಲ್ಕ ಕಡಿಮೆಯೋ ಅಲ್ಲಿ ಮಾರಿ.

ನೇರಪ್ರಸಾರದ ಹರಾಜು ಈಗ ವೇಗವಾಗಿ ಬೆಳೆಯುತ್ತಿರುವ ಬಗೆ. 2019ರಲ್ಲಿ ಶುರುವಾದ ವಾಟ್‌ನಾಟ್ ಅಮೆರಿಕದಲ್ಲಿ ಸಾಮಾನ್ಯವಾಗಿ ಶೇ 8 ಕಮಿಷನ್, ಜೊತೆಗೆ ಪಾವತಿಗೆ ಶೇ 2.9 ಮತ್ತು 30 ಸೆಂಟ್ ತೆಗೆದುಕೊಳ್ಳುತ್ತದೆ. ನಮ್ಮ 20 ಡಾಲರ್ ವಸ್ತುವಿಗೆ ಇದು ಸುಮಾರು 2.63 ಡಾಲರ್, ಎಂದರೆ ಶೇ 13. ಕಾಗದದ ಮೇಲೆ ಇಬೇಗಿಂತ ಒಳ್ಳೆಯ ಲೆಕ್ಕ. ಆದರೆ ಇಲ್ಲಿ ಎರಡನೆಯವನನ್ನು ಕರೆತರುವ ಕೆಲಸ ಬಹುಮಟ್ಟಿಗೆ ಮಾರುವವರದೇ. ಕ್ಯಾಮೆರಾ ಮುಂದೆ ಗಂಟೆಗಟ್ಟಲೆ ಮಾತಾಡಬೇಕು, ಬಂದವರನ್ನು ಹಿಡಿದಿಡಬೇಕು. ಒಂದೊಂದು ವಸ್ತುವಿನ ಹರಾಜು ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ, ಆ ಹೊತ್ತಿಗೆ ನೋಡುತ್ತಿದ್ದವರಷ್ಟೇ ನಿಮ್ಮ ಬಿಡ್‌ದಾರರು. ಸಂಗ್ರಹಕಾರರ ಕಾರ್ಡು, ಬಟ್ಟೆ, ಆಟಿಕೆಗಳಂತೆ ಬೇಗ ಬೇಗ ಕೈ ಬದಲಾಗುವ ಸರಕು ರಾಶಿಯಾಗಿ ಇದ್ದು, ಮಾತಿನ ಚಾತುರ್ಯವೂ ಇರುವವರಿಗೆ ಇದು ಚೆನ್ನಾಗಿ ಗಿಟ್ಟುತ್ತದೆ. ಒಂದೇ ಒಂದು ಬೆಲೆಬಾಳುವ ವಸ್ತುವನ್ನು ಇಲ್ಲಿಗೆ ಒಯ್ಯಬೇಡಿ.

ತಜ್ಞರು ಪರೀಕ್ಷಿಸಿ ಹರಾಜಿಗಿಡುವ ತಾಣಗಳು ಮೂರನೆಯ ಬಗೆ. ಯುರೋಪಿನ ಕ್ಯಾಟಾವಿಕಿ ಇಂಥದು. ಇಲ್ಲಿ ಮಾರುವವರೂ ಕೊಡಬೇಕು, ಕೊಳ್ಳುವವರೂ ಕೊಡಬೇಕು. ನಾಣ್ಯ, ಗಡಿಯಾರ, ಚಿತ್ರಕಲೆಗಳಲ್ಲಿ ಅಸಲಿಯೋ ನಕಲಿಯೋ ಎಂಬ ಅನುಮಾನವೇ ಬೆಲೆಯನ್ನು ಕೆಳಕ್ಕೆ ಎಳೆಯುತ್ತದೆ. ತಜ್ಞರ ಒಪ್ಪಿಗೆ ಸಿಕ್ಕರೆ ಆ ಅನುಮಾನ ಕಳೆದು, ಸುಮ್ಮನೆ ನೋಡುತ್ತಿದ್ದವರೂ ಬಿಡ್ ಮಾಡುತ್ತಾರೆ. ಅನುಮಾನಕ್ಕೆ ಎಡೆಯಿಲ್ಲದ ವಸ್ತುವಿಗೆ ಈ ಖರ್ಚು ವ್ಯರ್ಥ.

ಎಟ್ಸಿ ಹರಾಜು ತಾಣವಲ್ಲ. ಆದರೂ ಹರಾಜು ಬಿಟ್ಟು ಹೊರಡುವವರು ಮೊದಲು ನೋಡುವ ಜಾಗಗಳಲ್ಲಿ ಅದೂ ಒಂದು, ಹಾಗಾಗಿ ಹೇಳುತ್ತೇನೆ. ಕೈಯಿಂದ ಮಾಡಿದ ವಸ್ತು, ಇಪ್ಪತ್ತು ವರ್ಷಕ್ಕಿಂತ ಹಳೆಯ ವಸ್ತು, ಕರಕುಶಲ ಸಾಮಗ್ರಿ ಇವುಗಳಿಗೆ ಅದು ಮೀಸಲು. 20 ಡಾಲರ್ ವಸ್ತುವಿಗೆ ಅಲ್ಲಿ ಕಮಿಷನ್, ಪಾವತಿ ಶುಲ್ಕ, 20 ಸೆಂಟ್ ಲಿಸ್ಟಿಂಗ್ ಎಲ್ಲ ಸೇರಿ 2.83 ಡಾಲರ್ ಆಗುತ್ತದೆ. ಆದರೆ ತಾಣದ ಹೊರಗಿನ ಜಾಹೀರಾತು ನೋಡಿ ಬಂದ ಖರೀದಿದಾರ ಕೊಂಡರೆ ಇನ್ನೂ ಶೇ 15, ಎಂದರೆ 3.75 ಡಾಲರ್ ಹೆಚ್ಚುವರಿ. ಒಟ್ಟು ಶೇ 33 ಮುಟ್ಟುತ್ತದೆ. ಸಣ್ಣ ಮಾರಾಟಗಾರರು ಈ ಜಾಹೀರಾತನ್ನು ಬೇಡವೆನ್ನಬಹುದು. ವರ್ಷದ ವಹಿವಾಟು 10,000 ಡಾಲರ್ ಮುಟ್ಟಿದವರಿಗೆ ಆ ಅವಕಾಶವಿಲ್ಲ. ಅವರಿಗೆ ದರ ಶೇ 12.

ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಎದುರಿಗೆ ಭೇಟಿಯಾಗಿ ಮಾರಿದರೆ ಶುಲ್ಕವಿಲ್ಲ. ಭಾರವಾದ, ಸಾಗಿಸಲು ಕಷ್ಟವಾದ ವಸ್ತುಗಳಿಗೆ ಬೇರೆ ಯೋಚನೆಯೇ ಬೇಡ. ಪಾರ್ಸೆಲ್ ಕಳಿಸುವ ಮಾರಾಟಕ್ಕೆ ಮಾತ್ರ ಅಮೆರಿಕದಲ್ಲಿ 2024ರ ಏಪ್ರಿಲ್‌ನಿಂದ ಶುಲ್ಕ ಶೇ 5ರಿಂದ 10ಕ್ಕೆ ಏರಿದೆ.

ಸ್ವಂತ ಜಾಲತಾಣದಲ್ಲಿ ಕಮಿಷನ್ ಇಲ್ಲ, ಪಾವತಿ ಶುಲ್ಕವಷ್ಟೇ. ಅಲ್ಲಿಗೆ ಯಾರೂ ತಾವಾಗಿ ಬರುವುದೂ ಇಲ್ಲ. ಹಳೆಯ ಗ್ರಾಹಕರು ಮತ್ತೆ ಮತ್ತೆ ಕೊಳ್ಳುವ ಸರಕು ನಿಮ್ಮಲ್ಲಿದ್ದರೆ ಮಾತ್ರ ಇದನ್ನು ಯೋಚಿಸಿ.

ಕೊಳ್ಳುವವರಿಂದ ಪಡೆಯುವ ಶುಲ್ಕ

ಈಗ ಹಲವು ತಾಣಗಳು ಮಾರುವವರಿಗೆ ಶುಲ್ಕವಿಲ್ಲ ಎಂದು ಸಾರುತ್ತಿವೆ. ಜರ್ಮನಿಯಲ್ಲಿ 2023ರ ಮಾರ್ಚ್‌ನಿಂದ, ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್‌ನಿಂದ ಇಬೇ ಖಾಸಗಿ ಮಾರಾಟಗಾರರ ಮಾರಾಟ ಶುಲ್ಕವನ್ನು ತೆಗೆದುಹಾಕಿತು. ಬ್ರಿಟನ್ನಿನಲ್ಲಿ ಕೆಲವೇ ತಿಂಗಳಲ್ಲಿ, 2025ರ ಫೆಬ್ರುವರಿಯಲ್ಲಿ, ಖರೀದಿದಾರರ ರಕ್ಷಣಾ ಶುಲ್ಕ ಬಂತು. ಇದು ಹೊಸ ಯೋಚನೆಯೇನಲ್ಲ. ಲಂಡನ್ನಿನ ಕ್ರಿಸ್ಟೀಸ್ ಮತ್ತು ಸಾಥಬೀಸ್ ಹರಾಜು ಸಂಸ್ಥೆಗಳು 1975ರಲ್ಲೇ ಕೊಂಡವರಿಂದ ಶೇ 10 ಪಡೆಯತೊಡಗಿದ್ದವು.

ಶುಲ್ಕ ಯಾರ ಹೆಸರಿನಲ್ಲಿದೆ ಎಂಬುದರಿಂದ ಹರಾಜಿನಲ್ಲಿ ದೊಡ್ಡ ವ್ಯತ್ಯಾಸವಾಗುವುದಿಲ್ಲ. ಬಿಡ್ ಮಾಡುವವರು ತಮ್ಮ ಜೇಬಿನಿಂದ ಒಟ್ಟು ಎಷ್ಟು ಹೋಗುತ್ತದೆ ಎಂದು ನೋಡುತ್ತಾರೆ. 1,200 ಡಾಲರ್ ಖರ್ಚು ಮಾಡಲು ಸಿದ್ಧರಿರುವವರು ಶೇ 20ರ ಖರೀದಿ ಶುಲ್ಕ ಇದ್ದರೆ 1,000ಕ್ಕೆ ನಿಲ್ಲುತ್ತಾರೆ. ಎರಡೂ ಕಡೆ ಶುಲ್ಕವಿರುವಾಗ, ಮಾರುವವರಿಗೆ ಶೇ 12.5, ಕೊಳ್ಳುವವರಿಗೆ ಶೇ 9 ಎಂದಿಟ್ಟುಕೊಳ್ಳಿ. ಒಟ್ಟು 1,000 ಕೊಡಬಲ್ಲವರ ಬಿಡ್ 917ಕ್ಕೆ ನಿಲ್ಲುತ್ತದೆ, ಅದರಲ್ಲಿ ಮಾರುವವರಿಗೆ ಸಿಗುವುದು ಸುಮಾರು 803. ಹೆಚ್ಚುಕಡಿಮೆ ಶೇ 20 ತಾಣದ ಪಾಲು. ಎರಡೂ ದರಗಳನ್ನು ಕೂಡಿಸಿ ನೋಡುವುದೇ ಸರಿಯಾದ ಹೋಲಿಕೆ. ನಿಗದಿತ ಬೆಲೆಯ ಮಾರಾಟದಲ್ಲಿ ಖರೀದಿದಾರರು ಕೆಲವೊಮ್ಮೆ ಈ ಶುಲ್ಕವನ್ನು ಗಮನಿಸದೆ ಕೊಡುವುದುಂಟು. ಹರಾಜಿಗೆ ಪಳಗಿದವರು ಹಾಗಲ್ಲ, ಪೈಸೆ ಪೈಸೆ ಲೆಕ್ಕ ಹಾಕಿಯೇ ಬಿಡ್ ಮಾಡುತ್ತಾರೆ.

ಉಚಿತ ಎಂಬ ಭರವಸೆ ಎಷ್ಟು ಕಾಲ ನಿಲ್ಲುತ್ತದೆ ಎಂಬುದನ್ನೂ ಕೇಳಿಕೊಳ್ಳಬೇಕು. ಬಳಸಿದ ವಸ್ತುಗಳ ಮಾರಾಟ ತಾಣ ಮರ್ಕಾರಿ ಅಮೆರಿಕದಲ್ಲಿ 2024ರ ಮಾರ್ಚ್‌ನಲ್ಲಿ ಮಾರಾಟ ಶುಲ್ಕವನ್ನು ಪೂರ್ತಿ ತೆಗೆದು, 2025ರ ಜನವರಿಯಲ್ಲಿ ಶೇ 10 ಎಂದು ಮರಳಿ ತಂದಿತು. ಇದಕ್ಕೆ ಎದುರಾದ ಉದಾಹರಣೆ ಚೀನಾದ್ದು. 2003ರಲ್ಲಿ ಬಂದ ತಾವ್‌ಬಾವ್ ಎಂಬ ತಾಣ ಮಾರಾಟಗಾರರಿಂದ ಏನನ್ನೂ ಪಡೆಯದೆ ವರ್ಷಗಟ್ಟಲೆ ನಡೆಯಿತು. ಅಲ್ಲಿ ಮೊದಲು ಶುಲ್ಕ ಪಡೆಯುತ್ತಿದ್ದ ಇಬೇ 2006ರ ಕೊನೆಯಲ್ಲಿ ತನ್ನ ತಾಣವನ್ನು ಸ್ಥಳೀಯ ಪಾಲುದಾರರ ಕೈಗೆ ಒಪ್ಪಿಸಿ ಹಿಂದೆ ಸರಿಯಿತು. ಬಲವಾದ ಎದುರಾಳಿ ಇರುವಲ್ಲಿ ಶುಲ್ಕ ಇಳಿಯುತ್ತದೆ, ಇಲ್ಲದಲ್ಲಿ ಏರುತ್ತದೆ. ಮಾರಾಟಗಾರರ ಕೋಪಕ್ಕಿಂತ ತಾಣಗಳು ಹೆದರುವುದು ಇನ್ನೊಂದು ತಾಣಕ್ಕೆ. ಸಣ್ಣ ತಾಣಗಳಲ್ಲೂ ಸ್ವಲ್ಪ ಸರಕು ಇಟ್ಟಿರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ತೀರ್ಮಾನಕ್ಕೆ ಬರುವ ಲೆಕ್ಕ

ದುಬಾರಿ ತಾಣದಲ್ಲಿ ನೂರಕ್ಕೆ 81 ಉಳಿಯುತ್ತದೆ, ಅಗ್ಗದ ತಾಣದಲ್ಲಿ 95 ಎಂದುಕೊಳ್ಳಿ. 81ನ್ನು 95ರಿಂದ ಭಾಗಿಸಿದರೆ 0.85 ಬರುತ್ತದೆ. ಎಂದರೆ ಅಗ್ಗದ ತಾಣದಲ್ಲಿ ಬೆಲೆ ಶೇ 15ಕ್ಕಿಂತ ಹೆಚ್ಚು ಕುಸಿಯದಿದ್ದರೆ ಅಲ್ಲಿಗೆ ಹೋಗುವುದು ಲಾಭ, ಅದಕ್ಕಿಂತ ಕೆಳಗಿಳಿದರೆ ನಷ್ಟ. ಮಾರಾಟವಾಗುವ ಪ್ರಮಾಣವನ್ನೂ ಇದರೊಂದಿಗೆ ಗುಣಿಸಿ. ಹತ್ತರಲ್ಲಿ ಏಳು ಹೋಗುವ ಕಡೆಗೂ ಮೂರು ಹೋಗುವ ಕಡೆಗೂ ಇರುವ ಅಂತರವನ್ನು ಯಾವ ಶುಲ್ಕ ರಿಯಾಯಿತಿಯೂ ತುಂಬಿಕೊಡುವುದಿಲ್ಲ.

ಈ ಅಂಕಿಗಳು ಊಹೆಯಿಂದ ಸಿಗುವುದಿಲ್ಲ. ಒಂದೇ ಬಗೆಯ, ಒಂದೇ ಸ್ಥಿತಿಯ ವಸ್ತುಗಳನ್ನು ಎರಡು ತಾಣಗಳಲ್ಲಿ ಹಂಚಿ, ಅದೇ ಆರಂಭದ ಬೆಲೆ ಮತ್ತು ಅದೇ ಅವಧಿಗೆ ಹರಾಜಿಗಿಟ್ಟು ನೋಡಿ. ಒಂದೇ ವಸ್ತುವನ್ನು ಏಕಕಾಲಕ್ಕೆ ಎರಡೂ ಕಡೆ ಮಾತ್ರ ಇಡಬೇಡಿ. ಬಿಡ್ ಬಂದ ಮೇಲೆ ಹರಾಜು ರದ್ದು ಮಾಡಿದರೆ ಖಾತೆಗೆ ಕೆಟ್ಟ ಹೆಸರು ಬರುತ್ತದೆ. ಫಲಿತಾಂಶ ಬರೆದಿಡುವಾಗ ಕೊನೆಯ ಬೆಲೆಯೊಂದೇ ಸಾಲದು, ಎಷ್ಟು ಮಂದಿ ಬಿಡ್ ಮಾಡಿದರು ಎಂಬುದನ್ನೂ ಬರೆಯಿರಿ. ಬೆಲೆ ಒಳ್ಳೆಯದೇ ಬಂದಿದ್ದರೂ ಪ್ರತಿ ಸಲವೂ ಒಬ್ಬರೇ ಬಿಡ್ ಮಾಡಿದ್ದರೆ, ಅದು ನೀವು ಇಟ್ಟ ಆರಂಭದ ಬೆಲೆಯೇ ಹೊರತು ಹರಾಜಿನಿಂದ ಬಂದದ್ದಲ್ಲ. ಅಂಥ ವಸ್ತುವನ್ನು ನಿಗದಿತ ಬೆಲೆಯ ಅಗ್ಗದ ತಾಣಕ್ಕೆ ಧೈರ್ಯವಾಗಿ ಒಯ್ಯಬಹುದು. ನಾಲ್ಕೈದು ಜನ ಮೇಲಿಂದ ಮೇಲೆ ಪೈಪೋಟಿ ನಡೆಸಿದ ವಸ್ತುವನ್ನು ಅಲ್ಲಿಂದ ಕದಲಿಸಬೇಡಿ.

ಸ್ಥಳಾಂತರಕ್ಕೆ ಮುನ್ನ ಹಳೆಯ ಖಾತೆಯನ್ನು ಮುಚ್ಚುವುದು ಬೇಡ. ವರ್ಷಗಳಿಂದ ಗಳಿಸಿದ ಒಳ್ಳೆಯ ಅಭಿಪ್ರಾಯಗಳು ಆ ತಾಣದಲ್ಲೇ ಉಳಿಯುತ್ತವೆ, ಹೊಸ ತಾಣಕ್ಕೆ ಜೊತೆಗೆ ಬರುವುದಿಲ್ಲ. ಶೂನ್ಯ ಅಭಿಪ್ರಾಯದ ಹೊಸ ಖಾತೆಗೆ ಬಿಡ್ ಮಾಡಲು ಜನ ಹಿಂಜರಿಯುತ್ತಾರೆ. ಕೆಲವು ತಾಣಗಳು ಹೊಸ ಮಾರಾಟಗಾರರ ಹಣವನ್ನು ಸ್ವಲ್ಪ ಕಾಲ ತಡೆಹಿಡಿಯುವುದೂ ಉಂಟು. ಆರಂಭದಲ್ಲಿ ಕಡಿಮೆ ಬೆಲೆಯ, ಹೋದರೂ ಚಿಂತೆಯಿಲ್ಲದ ವಸ್ತುಗಳನ್ನು ಅಲ್ಲಿಗೆ ಕಳಿಸಿ ಹೆಸರು ಬೆಳೆಸಿಕೊಳ್ಳಿ. ಬೆಲೆಬಾಳುವವು ಅಲ್ಲಿಯವರೆಗೆ ಹಳೆಯ ಜಾಗದಲ್ಲೇ ಇರಲಿ. ಎರಡೂ ತಾಣಗಳ ಶುಲ್ಕದ ಪುಟಗಳನ್ನು ಪ್ರತಿ ವರ್ಷ ಜನವರಿ, ಫೆಬ್ರುವರಿಯ ಹೊತ್ತಿಗೆ ಮತ್ತೆ ತೆರೆದು ನೋಡಿ, ಮೇಲಿನ ಭಾಗಾಕಾರವನ್ನು ಹೊಸ ಅಂಕಿಗಳೊಂದಿಗೆ ಇನ್ನೊಮ್ಮೆ ಮಾಡಿ.